ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರದ ರೂಪರಚನೆ

ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ತಾವು ವಹಿಸುವ ಪಾತ್ರದ ಎತ್ತರ, ಮೈಕಟ್ಟು, ಮುಖಚಹರೆ, ಉಡುಪುಗಳನ್ನು ಗೊತ್ತುಮಾಡುವ ಕ್ರಮ. ರೂಪಕ್ಕೆ ಅಂಕ ಕೊಡಬೇಕೆ, ಬೇಡವೆ ಎಂಬ ಪ್ರಶ್ನೆ ಮೊದಲಿನಿಂದಲೂ ಇದರ ಬೆನ್ನಿಗಿದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ತಳಹದಿ ಹಾಕಿತು. ಅದರಲ್ಲಿ ಪಾತ್ರಕ್ಕೆ ಆರು ಗುಣಗಳು. ಮೂರು ದಾಳಗಳ ಮೊತ್ತವೇ ಒಂದೊಂದರ ಅಂಕ. ಚೆಲುವಿಗೆಂದೇ ಬೇರೆ ಅಂಕವಿರಲಿಲ್ಲ, ಅದು ವ್ಯಕ್ತಿತ್ವದ ಜೊತೆ ‘ಕರಿಸ್ಮಾ’ ಎಂಬ ಗುಣದಲ್ಲಿ ಬೆರೆತಿತ್ತು. ಮಾಟಗಾತಿಯ ಸೆರೆಗೆ ಬಿದ್ದವನು ಹಂದಿಯಾಗುತ್ತಾನೋ, ಮರುಳಾಗಿ ಅವಳ ಪ್ರಿಯಕರನಾಗಿ ಉಳಿಯುತ್ತಾನೋ ಎಂಬುದನ್ನು ಈ ಅಂಕ ನೋಡಿ ತೀರ್ಮಾನಿಸಬಹುದೆಂದು ನಿಯಮಪುಸ್ತಕ ಹೇಳಿತ್ತು. ಗಡ್ಡ, ಗಾಯದ ಕಲೆ, ನಡಿಗೆಯ ಠೀವಿ ಎಲ್ಲವೂ ಆಟಗಾರರ ಬಾಯಿಮಾತಿಗೆ ಸೇರಿದ್ದು. ಮೇಜಿನ ಸುತ್ತ ಕುಳಿತವರು ಕೇಳುತ್ತ ಮನಸ್ಸಿನಲ್ಲೇ ಕಟ್ಟಿಕೊಳ್ಳುವ ಈ ರೂಪದಷ್ಟು ವಿಸ್ತಾರ ಮುಂದಿನ ಯಾವ ಸಾಧನಕ್ಕೂ ದಕ್ಕಿಲ್ಲ.

1978ರ ‘ರೂನ್‌ಕ್ವೆಸ್ಟ್’ ದೇಹದ ಗಾತ್ರವನ್ನೇ ಒಂದು ಗುಣವಾಗಿಸಿತು. ಆಳು ದೊಡ್ಡವನಾದಷ್ಟೂ ಅವನ ಏಟಿಗೆ ತೂಕ ಹೆಚ್ಚು. ಗಾತ್ರಕ್ಕೆ ಅಂಕ ಕೊಡಲು ಇದೇ ಕಾರಣ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 1985ರ ಪೂರಕ ಪುಸ್ತಕ ‘ಅನ್‌ಅರ್ಥ್ಡ್ ಅರ್ಕಾನಾ’ದಲ್ಲಿ ಗೈಗ್ಯಾಕ್ಸ್ ಚೆಲುವನ್ನು ಏಳನೆಯ ಗುಣವಾಗಿ ಸೇರಿಸಿದ್ದಕ್ಕೆ ಅಷ್ಟು ಬಲವಾದ ಸಮರ್ಥನೆಯಿಲ್ಲ. ಪಾತ್ರದ ಕುಲ ನೋಡಿ ಅಂಕ ಕೂಡಿಸುವ, ಕಳೆಯುವ ಪದ್ಧತಿ ಅದು. ಅರೆ-ಆರ್ಕ್ ಆಗಿ ಹುಟ್ಟಿದರೆ ಮೂರು ಅಂಕ ಖೋತಾ. ಅಂದಗೇಡಿಯಾಗುವುದೂ ದಾಳದ ಪಾಲಾಯಿತು. ಆ ಆಟದ 1989ರ ಎರಡನೆಯ ಆವೃತ್ತಿ ಮೂಲದ ಆರು ಗುಣಗಳಿಗೇ ನಿಂತಿತು. 1986ರಲ್ಲಿ ಬಂದ ‘ಗರ್ಪ್ಸ್’ ಹೆಚ್ಚು ನ್ಯಾಯದ ದಾರಿ ಹಿಡಿಯಿತು. ಅಲ್ಲಿ ಸುಂದರನಾಗಲು ಅಂಕ ತೆರಬೇಕು. ಕುರೂಪವನ್ನು ಒಪ್ಪಿಕೊಂಡವರಿಗೆ ಬೇರೆಡೆ ಬಳಸಲು ಅಂಕ ಸಿಗುತ್ತದೆ. ಯಾವುದನ್ನು ಆರಿಸಿದರೂ ಆಯ್ಕೆ ಆಟಗಾರರದೇ.

ಕಂಪ್ಯೂಟರಿನಲ್ಲಿ ಆರಂಭ ತೀರ ಬಡವಾಗಿತ್ತು: 1980ರ ‘ರೋಗ್’ ಆಟದ ನಾಯಕ ತೆರೆಯ ಮೇಲೆ ಬರಿಯ ಒಂದು ಅಕ್ಷರಚಿಹ್ನೆ. 1988ರ ‘ಪೂಲ್ ಆಫ್ ರೇಡಿಯನ್ಸ್’ನಲ್ಲಿ ತಲೆ, ಮುಂಡಗಳ ಚಿತ್ರಗಳನ್ನು ಬೇರೆಬೇರೆಯಾಗಿ ಆರಿಸಿ ಜೋಡಿಸಬಹುದಾಯಿತು. 2006ರ ‘ಆಬ್ಲಿವಿಯನ್’ ಮೂಗು, ಗಲ್ಲ, ಹುಬ್ಬುಗಳನ್ನು ಸ್ಲೈಡರ್ ಎಳೆದು ತಿದ್ದಲು ಬಿಟ್ಟಿತು.

ಈ ಸ್ವಾತಂತ್ರ್ಯ ನ್ಯಾಯಾಲಯದವರೆಗೂ ಹೋದದ್ದುಂಟು. 2004ರ ‘ಸಿಟಿ ಆಫ್ ಹೀರೋಸ್’ ಆನ್‌ಲೈನ್ ಆಟದಲ್ಲಿ ಮೈಕಟ್ಟು, ಮುಖವಾಡ, ಉಡುಪುಗಳನ್ನು ಸೇರಿಸಿ ಸೂಪರ್‌ಹೀರೋ ಒಬ್ಬನನ್ನು ರೂಪಿಸಬಹುದಿತ್ತು. ಆಟಗಾರರು ತನ್ನ ಹಲ್ಕ್, ವುಲ್ವರಿನ್‌ಗಳನ್ನು ಹೋಲುವ ಪಾತ್ರಗಳನ್ನು ಸೃಷ್ಟಿಸಲು ಇದು ಅನುವು ಮಾಡಿಕೊಟ್ಟಿದೆ ಎಂದು ಕಾಮಿಕ್ಸ್ ಸಂಸ್ಥೆ ಮಾರ್ವೆಲ್ ಅದೇ ವರ್ಷ ಮೊಕದ್ದಮೆ ಹೂಡಿತು. 2005ರಲ್ಲಿ ಎರಡೂ ಕಡೆಯವರು ರಾಜಿಯಾದರು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಆವೃತ್ತಿಯಲ್ಲೂ ಗುಣಗಳು ಆರೇ. ವಯಸ್ಸು, ಎತ್ತರ, ತೂಕ, ಕಣ್ಣು, ಚರ್ಮ, ಕೂದಲುಗಳಿಗೆ ಪಾತ್ರದ ಹಾಳೆಯಲ್ಲಿ ಖಾಲಿ ಜಾಗವಿದೆ, ಚೆಲುವಿಗೆ ಅಂಕವಿಲ್ಲ.