ಹತ್ತು ನಿಮಿಷದ ಓಟ, ಹದಿನೈದು ಗಂಟೆಯ ಚಾರ್ಜು: ರಿಮೋಟ್ ಕಾರಿನ ಕಥೆ

ಕಳೆದ ಭಾನುವಾರ ಬೆಳಗ್ಗೆ ಆರೂವರೆಗೆ, ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನೂ ನನ್ನ ಮಗಳೂ ಮಂಡಿಯೂರಿ ಕೂತು, ಯಾರದೋ ಕಾರಿನ ಕೆಳಗೆ ಟಾರ್ಚ್ ಬಿಟ್ಟು ಹುಡುಕ್ತಾ ಇದ್ವಿ. ಹುಡುಕ್ತಿದ್ದದ್ದು ಒಂದು ಇ-ಕ್ಲಿಪ್. ಕಡಲೆಬೇಳೆಗಿಂತ ಚಿಕ್ಕದು. ಅದಿಲ್ಲದಿದ್ರೆ ನಮ್ಮ ರಿಮೋಟ್ ಕಾರಿನ ಮುಂದಿನ ಚಕ್ರ ನಿಲ್ಲೋದಿಲ್ಲ. ವಾಚ್‌ಮನ್ ಕಾಕಾ ಬಂದು, ಚಿನ್ನದ ಓಲೆ ಬಿತ್ತಾ ಅಂತ ಕೇಳಿ ತಾವೂ ಬಗ್ಗಿದರು. ಓಲೆಯಲ್ಲ, ಆಟಿಕೆ ಕಾರಿನದು ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ.

ಈ ಹುಚ್ಚಿನ ಚರಿತ್ರೆ ಇವತ್ತಿನ ವಿಷಯ. ನಗಬೇಡಿ, ಇದರಲ್ಲಿ ಟೆಸ್ಲಾ ಇದ್ದಾನೆ, ಹಾಲಿವುಡ್ ನಟಿ ಇದ್ದಾಳೆ, ಪೋರ್ಷೆ ಬಿಚ್ಚಿಟ್ಟ ಒಬ್ಬ ಜಪಾನೀ ಮಹಾನುಭಾವ ಇದ್ದಾನೆ.

ಶುರು 1898ರಲ್ಲಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಒಂದು ಪುಟ್ಟ ದೋಣಿ ಬಿಟ್ಟ. ತಂತಿಯಿಲ್ಲ, ಹಗ್ಗವಿಲ್ಲ, ಅವನು ಹೇಳಿದ ಕಡೆ ದೋಣಿ ತಿರುಗ್ತಿತ್ತು. ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟೂ ಸಿಕ್ಕಿತು. ಅದರ ಶೀರ್ಷಿಕೆಯಲ್ಲಿ ನೌಕೆಗಳ ಜೊತೆಗೆ ‘ವಾಹನಗಳು’ ಅನ್ನೋ ಪದವೂ ಇದೆ. ಅಂದರೆ ನಮ್ಮ ಪಾರ್ಕಿಂಗಿನ ಕಾರೂ ಆ ಕಾಗದದ ಲೆಕ್ಕದಲ್ಲಿ ಬರುತ್ತೆ.

ಆದರೆ ದೋಣಿಯಿಂದ ಕಾರಿಗೆ ಬರೋಕೆ ಸುಮಾರು ಎಪ್ಪತ್ತು ವರ್ಷ ಹಿಡೀತು. ಕಾರಣ ಸರಳ. ನೀರಿನ ಮೇಲೆ, ಆಕಾಶದಲ್ಲಿ ಜಾಗ ಬೇಕಾದಷ್ಟು; ಸ್ವಲ್ಪ ಎಡಕ್ಕೆ ಅನ್ನೋದು ತಡವಾದರೂ ನಡೆಯುತ್ತೆ. ಕಾರು ಹಾಗಲ್ಲ, ಗೋಡೆ ಎರಡು ಅಡಿ ದೂರದಲ್ಲಿರುತ್ತೆ. ಹಳೇ ರೇಡಿಯೋಗಳಿಗೆ ಗೊತ್ತಿದ್ದದ್ದು ಪೂರ್ತಿ ಎಡ, ಪೂರ್ತಿ ಬಲ, ಅಷ್ಟೇ. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಅಗ್ಗವಾಗಿ, ‘ನಾನು ಎಷ್ಟು ತಿರುಗಿಸ್ತೀನೋ ಅಷ್ಟೇ ತಿರುಗು’ ಅನ್ನೋ ವ್ಯವಸ್ಥೆ ಹವ್ಯಾಸಿಗಳ ಕೈಗೆ ಬಂತು. ಅಲ್ಲಿ ಹುಟ್ಟಿದ ಒಂದು ಒಪ್ಪಂದ ನಮ್ಮಂಥ ಸಾಫ್ಟ್‌ವೇರ್ ಮಂದಿ ಕೈಮುಗಿಯೋ ಹಾಗಿದೆ. ಸರ್ವೋ ಮೋಟರಿಗೆ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಕಳಿಸೋದು. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು, 1 ಆದರೆ ಒಂದು ಕಡೆ, 2 ಆದರೆ ಇನ್ನೊಂದು ಕಡೆ. ಇವತ್ತಿನ ಸರ್ವೋಗಳಿಗೂ ಅದೇ ಭಾಷೆ ಅರ್ಥವಾಗುತ್ತೆ. ನಾವು ಮೂರು ವರ್ಷದ ಹಿಂದಿನ ಎಪಿಐ ಕೆಲಸ ಮಾಡದೆ ರಾತ್ರಿ ಕಾಲ್‌ನಲ್ಲಿ ಕೂರ್ತೀವಿ, ನೆನಪಿರಲಿ.

1966ರ ಹೊತ್ತಿಗೆ ಇಟಲಿಯ ಎಲ್-ಜಿ ಅನ್ನೋ ಕಂಪನಿ 1:12 ಅಳತೆಯ ಫೆರಾರಿಯನ್ನು ಮಾರಾಟಕ್ಕೆ ತಂತು. ಇಂಗ್ಲೆಂಡಿನಲ್ಲಿ ಎಂಜಿನ್ ಕಾರುಗಳು ಬಂದವು. ಹೊಗೆ, ಎಣ್ಣೆ, ಕಿವಿ ಕಿತ್ತುಹೋಗೋ ಸದ್ದು. ಅಪಾರ್ಟ್‌ಮೆಂಟಿನಲ್ಲಿ ಓಡಿಸಿದರೆ ಅವತ್ತೇ ಜನರಲ್ ಬಾಡಿ ಮೀಟಿಂಗ್.

ನಿಜವಾದ ತಿರುವು ಜಪಾನಿನ ಶಿಜುಓಕಾದಲ್ಲಿ. ತಮಿಯಾ ಕಂಪನಿ 1946ರಲ್ಲಿ ಮರ ಕೊಯ್ಯುವ ವ್ಯಾಪಾರವಾಗಿ ಶುರುವಾಗಿದ್ದು. ಮುಂದೆ ಮರದ ಮಾದರಿಗಳು, ಆಮೇಲೆ ಪ್ಲಾಸ್ಟಿಕ್. ಸಂಸ್ಥಾಪಕರ ಮಗ ಶುನ್ಸಾಕು ತಮಿಯಾ ಪೋರ್ಷೆಯ ಮಾದರಿ ಸರಿಯಾಗಿ ಬರಬೇಕು ಅಂತ ನಿಜವಾದ 911 ಕಾರನ್ನೇ ಕೊಂಡು ಬಿಚ್ಚಿಸಿದರು. ಮತ್ತೆ ಜೋಡಿಸೋಕೆ ಹೊರಗಿನ ತಂತ್ರಜ್ಞರನ್ನ ಕರೆಸಬೇಕಾಯಿತಂತೆ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ. 1976ರ ಡಿಸೆಂಬರ್‌ನಲ್ಲಿ ಅವರ ಮೊದಲ ರೇಡಿಯೋ ಕಾರು, ಪೋರ್ಷೆ 934, ಬಂತು. ಅದು ಸಿದ್ಧ ಕಾರಲ್ಲ, ಕಿಟ್. ಪೆಟ್ಟಿಗೆಯಲ್ಲಿ ಬಿಡಿ ಭಾಗಗಳು, ಸ್ಕ್ರೂಗಳು, ಚಿತ್ರಗಳಿರೋ ಒಂದು ಪುಸ್ತಕ. ಕೂತು ಕಟ್ಟಬೇಕು.

ಕಟ್ಟಿದವನಿಗೆ ರಿಪೇರಿಯೂ ಬರುತ್ತೆ. ಈ ಹವ್ಯಾಸ ಬದುಕಿರೋದೇ ಈ ಒಂದು ಕಾರಣಕ್ಕೆ ಅಂತ ನನ್ನ ಅಭಿಪ್ರಾಯ. 1979ರಲ್ಲಿ ಮರಳಲ್ಲಿ ಓಡೋ ಸ್ಯಾಂಡ್ ಸ್ಕಾರ್ಚರ್ ಬಂತು. ಅದರ ಬ್ಯಾಟರಿ, ರೇಡಿಯೋ ಎಲ್ಲ ನೀರು ಹೋಗದ ಪಾರದರ್ಶಕ ಡಬ್ಬಿಯೊಳಗೆ. 1984ರಲ್ಲಿ ಗ್ರಾಸ್‌ಹಾಪರ್, ಹಾರ್ನೆಟ್. ಗ್ರಾಸ್‌ಹಾಪರ್ ಅಂದರೆ ಮಿಡತೆ. ಹೆಸರಿಗೆ ತಕ್ಕ ಹಾಗೆ ನೆಲದ ಮೇಲಿರೋದಕ್ಕಿಂತ ಗಾಳಿಯಲ್ಲಿರೋದೇ ಜಾಸ್ತಿ. ಅದೇ ವರ್ಷ ಅಮೆರಿಕದಲ್ಲಿ ಆರ್‌ಸಿ10 ಅನ್ನೋ ಚಿನ್ನದ ಬಣ್ಣದ ಅಲ್ಯುಮಿನಿಯಂ ಕಾರು ಬಂದು, 1985ರ ವಿಶ್ವ ಸ್ಪರ್ಧೆ ಗೆದ್ದಿತು. ಗೆಲ್ಲೋಕೆ ಆರ್‌ಸಿ10, ನಗೋಕೆ ಮಿಡತೆ.

ಇನ್ನು ಸಂಕಟಗಳು. ಆ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ 7.2 ವೋಲ್ಟಿನದು. ಗೋಡೆಗೆ ಸಿಕ್ಕಿಸೋ ಅಗ್ಗದ ಚಾರ್ಜರಿನಲ್ಲಿ ಹದಿನೈದು ಗಂಟೆ ಇಡಬೇಕು, ಓಡೋದು ಹತ್ತು ಹದಿನೈದು ನಿಮಿಷ. ಅದರಲ್ಲೂ ವೇಗ ನಿಯಂತ್ರಿಸ್ತಿದ್ದದ್ದು ಒಂದು ರೆಸಿಸ್ಟರ್. ಅರ್ಧ ವೇಗದಲ್ಲಿ ನಿಧಾನಕ್ಕೆ ಹೋದರೆ ಉಳಿತಾಯ ಅಂದ್ಕೊಂಡಿರಾ? ಉಳಿದ ವಿದ್ಯುತ್ತೆಲ್ಲ ಆ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗ್ತಿತ್ತು. ಮುಟ್ಟಿದರೆ ಬೊಬ್ಬೆ.

ಅದಕ್ಕಿಂತ ದೊಡ್ಡ ತಲೆನೋವು ಗಾಳಿಯದು. 27 ಮೆಗಾಹರ್ಟ್ಸ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಚಾನೆಲ್‌ಗಳು. ನಿಮ್ಮ ರೇಡಿಯೋದಲ್ಲಿ ಯಾವ ಕ್ರಿಸ್ಟಲ್ ಇದೆಯೋ ಪಕ್ಕದವನದ್ದೂ ಅದೇ ಇದ್ದರೆ, ಇಬ್ಬರ ಕಾರಿಗೂ ಇಬ್ಬರೂ ಯಜಮಾನರು. ಕ್ಲಬ್ಬುಗಳಲ್ಲಿ ಒಂದು ಹಲಗೆ ನಿಲ್ಲಿಸಿ, ಪ್ರತಿ ಚಾನೆಲ್ಲಿಗೆ ಒಂದು ಬಟ್ಟೆ ಕ್ಲಿಪ್ ಇಡ್ತಿದ್ರು. ಕ್ಲಿಪ್ ನಿಮ್ಮ ಹತ್ತಿರ ಇದ್ದರೆ ಮಾತ್ರ ರೇಡಿಯೋ ಆನ್ ಮಾಡಬಹುದು. ಮ್ಯೂಟೆಕ್ಸ್ ಲಾಕ್ ಅಂತ ನಾವು ಓದಿದ್ವಲ್ಲ, ಅದರ ಬಟ್ಟೆ ಒಣಗಿಸೋ ರೂಪ.

ಇದರ ಪರಿಹಾರದ ಬೀಜ 1942ರಲ್ಲೇ ಇತ್ತು. ಹೆಡಿ ಲಮಾರ್ ಅನ್ನೋ ಹಾಲಿವುಡ್ ನಟಿ, ಜಾರ್ಜ್ ಆಂಥೈಲ್ ಅನ್ನೋ ಸಂಗೀತಗಾರ ಸೇರಿ ಒಂದು ಪೇಟೆಂಟ್ ಪಡೆದರು. ರೇಡಿಯೋದಿಂದ ನಡೆಸೋ ಟಾರ್ಪಿಡೋವನ್ನು ಶತ್ರು ತಡೆಯಬಾರದು ಅಂದರೆ, ಕಳಿಸೋರೂ ಕೇಳೋರೂ ಒಟ್ಟಿಗೇ ತರಂಗಾಂತರ ಬದಲಿಸ್ತಾ ಹಾರಬೇಕು. ಪಿಯಾನೋದ ಕೀಲಿಗಳ ಹಾಗೆ 88 ತರಂಗಾಂತರ. ನೌಕಾಪಡೆ ಆಗ ಅದನ್ನ ಬಳಸಲಿಲ್ಲ. ಆರು ದಶಕದ ನಂತರ, 2000ರ ದಶಕದ ನಡುವೆ, 2.4 ಗಿಗಾಹರ್ಟ್ಸ್ ರೇಡಿಯೋಗಳು ಇದೇ ಜಾತಿಯ ಯೋಚನೆ ಇಟ್ಕೊಂಡು ಬಂದಾಗ ಕ್ರಿಸ್ಟಲ್ ಮಾಯ, ಕ್ಲಿಪ್ ಹಲಗೆ ಮಾಯ. ನಮ್ಮಲ್ಲೂ 2005ರಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ ಲೈಸೆನ್ಸ್ ಬೇಡ ಅಂತ ನಿಯಮ ಬಂತು.

ಬ್ಯಾಟರಿಯೂ ಲಿಥಿಯಂ ಆಯ್ತು. ಸಂಕಟ ಹೋಗಲಿಲ್ಲ, ವೇಷ ಬದಲಿಸಿತು. ಒಂದೊಂದು ಸೆಲ್ಲೂ 4.2 ವೋಲ್ಟ್ ದಾಟಬಾರದು, 3ರ ಕೆಳಗೆ ಇಳೀಬಾರದು, ಸುಮ್ಮನೆ ಇಡೋದಾದರೆ 3.8ರ ಹತ್ತಿರ ಇಡಬೇಕು. ಮರೆತರೆ ಪೂರಿ ಥರ ಉಬ್ಬುತ್ತೆ. ಊರಿಗೆ ವಿಮಾನದಲ್ಲಿ ಹೋಗೋರು ಬಿಡಿ ಬ್ಯಾಟರೀನ ಕೈಚೀಲದಲ್ಲೇ ಇಟ್ಕೊಳ್ಳಿ, ಚೆಕ್-ಇನ್ ಬ್ಯಾಗಿನಲ್ಲಲ್ಲ.

ಈಗ ನನ್ನ ವಿಷಯ. 90ರ ದಶಕದಲ್ಲಿ ನಮ್ಮ ಚಿಕ್ಕಪ್ಪ ಮಸ್ಕತ್‌ನಿಂದ ಒಂದು ಕೆಂಪು ರಿಮೋಟ್ ಕಾರು ತಂದಿದ್ದರು. ಎರಡೇ ವಾರ. ಮೆಟ್ಟಿಲಿಂದ ಬಿತ್ತು, ಒಂದು ಚಕ್ರ ತಿರುಗೋದು ಬಿಟ್ಟಿತು. ನಮ್ಮಪ್ಪ ರಾತ್ರಿ ಊಟ ಆದ ಮೇಲೆ ಅದನ್ನ ಬಿಚ್ಚಿ ಕೂತರು. ಒಳಗೆ ಒಂದು ಗೇರಿನ ಹಲ್ಲು ಮುರಿದಿತ್ತು. ಕೈಗಡಿಯಾರದ ಅಂಗಡಿಗೆ ಹೋದರು, ರೇಡಿಯೋ ರಿಪೇರಿಯವರ ಹತ್ತಿರ ಹೋದರು. ಆ ಗೇರು ಪ್ರಪಂಚದಲ್ಲಿ ಎಲ್ಲೂ ಬಿಡಿಯಾಗಿ ಸಿಗ್ತಿರಲಿಲ್ಲ. ಹಾಗೆ ಮಾರೋಕೆ ಅದನ್ನ ಮಾಡಿರಲೇ ಇಲ್ಲ. ಅಪ್ಪನಿಗೆ ಬರಲ್ಲ ಅಂತ ನಾನು ಎಷ್ಟೋ ವರ್ಷ ಅಂದ್ಕೊಂಡಿದ್ದೆ. ಒಂದು ಸಲ ಸಿಟ್ಟಲ್ಲಿ ಅಂದೂ ಬಿಟ್ಟಿದ್ದೆ. ಅವರು ಏನೂ ಹೇಳದೆ ಸ್ಕ್ರೂಗಳನ್ನೆಲ್ಲ ಫಿಲ್ಮ್ ರೀಲಿನ ಡಬ್ಬಿಗೆ ಹಾಕಿ ಅಟ್ಟಕ್ಕಿಟ್ಟರು.

ತಮಿಯಾ ಈಗ ಆ ಹಳೇ ಮಿಡತೆಯನ್ನ ಮತ್ತೆ ಮಾರ್ತಿದೆ. ಕೊಳ್ಳೋರಲ್ಲಿ ನನ್ನಂಥ ನಲವತ್ತು ದಾಟಿದವರೇ ಬಹಳ ಇದ್ದಾರೆ ಅಂತ ನನ್ನ ಊಹೆ. ಹೋದ ದೀಪಾವಳಿಗೆ ನಾನೂ ಮಗಳೂ ಅದನ್ನ ಕಟ್ಟಿದ್ವಿ, ಮೂರು ಶನಿವಾರ ಹಿಡೀತು. ಗೇರ್‌ಬಾಕ್ಸ್ ಮುಚ್ಚೋ ಮುಂಚೆ ಅವಳಿಗೆ ಒಂದೊಂದೇ ಗೇರು ಕೈಯಲ್ಲಿ ಕೊಟ್ಟು ಗ್ರೀಸ್ ಹಚ್ಚಿಸಿದೆ. ಎಲ್ಲದಕ್ಕೂ ಭಾಗದ ನಂಬರ್ ಇದೆ, ಎಲ್ಲವೂ ಬಿಡಿಯಾಗಿ ಸಿಗುತ್ತೆ. ಕೆಲವು ಸಲ ಮೂರು ವಾರ ಕಾಯಬೇಕು, ಅಷ್ಟೇ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಆ ಕೆಂಪು ಕಾರಿನ ವಿಷಯ ಹೇಳಿದೆ, ತಪ್ಪು ನಿಮ್ಮದಾಗಿರಲಿಲ್ಲ ಅಂತ. ‘ಅದು ನನಗೆ ಆಗ್ಲೇ ಗೊತ್ತಿತ್ತು ಕಣೋ’ ಅಂದರು. ಆಮೇಲೆ, ಹೊಸ ಕಾರಿನ ಗೇರು ಪ್ಲಾಸ್ಟಿಕ್ಕೋ ಲೋಹದ್ದೋ ಅಂತ ಕೇಳಿದರು.

ಇ-ಕ್ಲಿಪ್ ಸಿಗಲಿಲ್ಲ. ಹತ್ತರ ಪ್ಯಾಕೆಟ್ ತರಿಸಿದ್ದೀನಿ, ಬರೋವರೆಗೂ ಚಕ್ರಕ್ಕೆ ಮಗಳು ಪೇಪರ್ ಕ್ಲಿಪ್ ಬಗ್ಗಿಸಿ ಹಾಕಿದ್ದಾಳೆ. ನಿಧಾನಕ್ಕೆ ಓಡಿಸಿದರೆ ನಿಲ್ಲುತ್ತೆ.