ನೀರಿನ ಫ್ಲೋರೈಡ್ ಪತ್ತೆ: ಬೆಳಗುವ ಅಣುಗಳ ಸಾಧ್ಯತೆ ಮತ್ತು ಮಿತಿ

ನೀರಿನಲ್ಲಿ ಕರಗಿದ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಭಾಗದ ಕೊಳವೆಬಾವಿಗಳನ್ನು ನಂಬಿದ ಅನೇಕರಿಗೆ ಅದರ ಇರವು ತಿಳಿದದ್ದು ಮಕ್ಕಳ ಹಲ್ಲಿನ ಕಂದು ಕಲೆಯಿಂದ, ಹಿರಿಯರ ಬಾಗಿದ ಮೂಳೆಗಳಿಂದ. ಭಾರತೀಯ ಮಾನಕ ಬ್ಯೂರೊ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ.

ಇಂತಹ ಋಣ ಅಯಾನುಗಳನ್ನು ಬೆಳಕಿನ ಮೂಲಕ ತೋರಿಸುವ ಅಣುಗಳೇ ಪ್ರತಿದೀಪ್ತಿ ಸಂವೇದಕಗಳು. ಅಣುವಿನ ಒಂದು ಭಾಗ ಅಯಾನನ್ನು ಹಿಡಿಯುತ್ತದೆ, ಇನ್ನೊಂದು ಭಾಗ ನೇರಳಾತೀತ ಕಿರಣ ಬಿದ್ದಾಗ ಬೆಳಗುತ್ತದೆ. ಅಮೆರಿಕದ ಆಂಟನಿ ಝಾರ್ನಿಕ್ ತಂಡ 1989ರಲ್ಲಿ ಆಂಥ್ರಸೀನ್‌ಗೆ ಪಾಲಿಅಮೀನ್ ಸರಪಳಿ ಜೋಡಿಸಿ ನೀರಿನಲ್ಲೇ ಫಾಸ್ಫೇಟ್ ಗುರುತಿಸಿತು. ಆ ಅಣುವಿನಲ್ಲಿ ನೈಟ್ರೋಜನ್‌ನ ಎಲೆಕ್ಟ್ರಾನ್‌ಗಳು ಆಂಥ್ರಸೀನ್‌ನ ಬೆಳಕನ್ನು ನಂದಿಸುತ್ತಿರುತ್ತವೆ. ಫಾಸ್ಫೇಟ್ ಬಂದು ಕುಳಿತು ತನ್ನ ಪ್ರೋಟಾನನ್ನು ಆ ನೈಟ್ರೋಜನ್‌ಗೆ ಒಪ್ಪಿಸಿದೊಡನೆ ನಂದಿಸುವ ಕೆಲಸ ನಿಲ್ಲುತ್ತದೆ, ಬೆಳಕು ಹೆಚ್ಚುತ್ತದೆ.

ಫ್ಲೋರೈಡ್ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದು ಬಹಳ ಚಿಕ್ಕ ಅಯಾನು. ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿದಿರುತ್ತವೆ. ಆ ಹಿಡಿತ ಬಿಡಿಸುವಷ್ಟು ಬಲ ಸಂವೇದಕಕ್ಕೆ ಬೇಕು. ಯೂರಿಯಾ, ಥಯೋಯೂರಿಯಾ ಗುಂಪುಗಳ ಹೈಡ್ರೋಜನ್ ಬಂಧ ನೆಚ್ಚಿದ ಅಣುಗಳು ಅಸಿಟೋನೈಟ್ರೈಲ್‌ನಂತಹ ದ್ರಾವಕದಲ್ಲಿ ಸೊಗಸಾಗಿ ಬೆಳಗಿ, ನೀರು ಸೇರಿದೊಡನೆ ಸೋಲುವುದು ಇದೇ ಕಾರಣಕ್ಕೆ. ಸಾಲದ್ದಕ್ಕೆ ಅಸಿಟೇಟ್ ಕಂಡರೂ ಕೆಲವು ಅಣುಗಳು ಫ್ಲೋರೈಡ್ ಎಂದೇ ಸೂಚಿಸುತ್ತವೆ. 'ನೀರಿನಲ್ಲಿ ಪತ್ತೆ' ಎಂಬ ಪ್ರಬಂಧ ಕೈಗೆ ಬಂದರೆ, ಅದರಲ್ಲಿ ಎಷ್ಟು ಪಾಲು ನೀರು ಎಂದು ಮೊದಲು ನೋಡುವುದೊಳಿತು.

ಬಲವಾದ ಬಂಧವೇ ಇದಕ್ಕೆ ಉಪಾಯ. ಸಿಲಿಕಾನ್ ಎಂದರೆ ಫ್ಲೋರೈಡ್‌ಗೆ ಬಲು ಒಲವು. ಸಿಲಿಕಾನ್ ಕವಚದಿಂದ ಮುಚ್ಚಿಟ್ಟ ಬಣ್ಣದ ಅಣುವಿನಲ್ಲಿ ಸಿಲಿಕಾನ್-ಆಮ್ಲಜನಕ ಬಂಧವನ್ನು ಫ್ಲೋರೈಡ್ ಮುರಿದಾಗ ಬಣ್ಣ ಬಿಡುಗಡೆಯಾಗಿ ಬೆಳಗುತ್ತದೆ. ಆದರೆ ಕವಚ ಒಮ್ಮೆ ಒಡೆದರೆ ಮರುಬಳಕೆ ಇಲ್ಲ. ಕ್ರಿಯೆಯೂ ನೀರಿನಲ್ಲಿ ನಿಧಾನ. ಬೋರಾನ್ ಅಣುಗಳಿಗೆ ಧನ ವಿದ್ಯುದಂಶ ಜೋಡಿಸುವ ಮಾರ್ಗ ಇನ್ನೊಂದು; ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಫ್ರಾಂಸ್ವಾ ಗಬ್ಬಾಯಿ ಈ ದಾರಿಯಲ್ಲಿ ಹೆಸರು ಮಾಡಿದವರು.

ಈ ನಡುವೆ ಪ್ರಯೋಗಾಲಯಗಳು ನಂಬುವುದು 1966ರಲ್ಲಿ ಪ್ರಕಟವಾದ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡನ್ನೇ. ಹಳ್ಳಿಗಳಲ್ಲಿ ಜಿರ್ಕೋನಿಯಂ ಬಣ್ಣದ ಕಿಟ್‌ಗಳು ಬಳಕೆಯಲ್ಲಿವೆ; ಬಣ್ಣ ಎಷ್ಟು ಮಾಸಿತೆಂಬುದನ್ನು ಪಟ್ಟಿಯೊಡನೆ ಕಣ್ಣಳತೆಯಲ್ಲೇ ಹೋಲಿಸಬೇಕು. 1 ಮತ್ತು 1.5ರ ನಡುವಿನ ವ್ಯತ್ಯಾಸ ಅಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ.