ಹಸಾದ

ಹಳೆಯ ಕಾವ್ಯಗಳನ್ನು ಓದುವವರಿಗೆ ಅಡಿಗಡಿಗೆ ಎದುರಾಗುವ, ಆದರೆ ನಮ್ಮ ಇಂದಿನ ಮಾತುಕತೆಯಿಂದ ಬಹುಮಟ್ಟಿಗೆ ಮರೆಯಾಗಿಹೋಗಿರುವ ಪುಟ್ಟ ಶಬ್ದವೊಂದುಂಟು: ಹಸಾದ. ಅರಸನು ಆಜ್ಞಾಪಿಸುತ್ತಾನೆ, ಎದುರಿಗೆ ಕೈಮುಗಿದು ನಿಂತವನು ‘ಹಸಾದ’ ಎನ್ನುತ್ತಾನೆ. ಹೊತ್ತ ಕಾರ್ಯವು ಸುಗಮವೋ ದುಷ್ಕರವೋ, ಅದರಿಂದ ತನಗೆ ಒದಗುವುದು ಲಾಭವೋ ಕ್ಲೇಶವೋ ಎಂಬ ವಿಮರ್ಶೆಗೆ ಮನಸ್ಸು ತೊಡಗುವುದಕ್ಕೆ ಮೊದಲೇ ಆ ಮಾತು ಬಾಯಿಂದ ಹೊರಟಿರುತ್ತದೆ. ಸಂಸ್ಕೃತದ ‘ಪ್ರಸಾದ’ವು ಜನರ ನಾಲಗೆಯಲ್ಲಿ ಮೆದುವಾಗಿ ಪಸಾದವಾಯಿತು, ಪಾಲು ಹಾಲಾದಂತೆ, ಪೂ ಹೂವಾದಂತೆ, ಪಸಾದವು ಹಸಾದವಾಯಿತು. ‘ವಡ್ಡಾರಾಧನೆ’ಯ ಕಾಲದ ‘ಮಹಾಪ್ರಸಾದ’ದಿಂದ ಕುಮಾರವ್ಯಾಸನ ‘ಹಸಾದ’ದವರೆಗೆ, ಬಂದ ಅಪ್ಪಣೆಯನ್ನೇ ಅನುಗ್ರಹವೆಂದು ಕೈಗೊಳ್ಳುವ ಈ ರೀತಿ ಕನ್ನಡದಲ್ಲಿ ಶತಮಾನಗಳ ಕಾಲ ನಡೆದುಬಂದಿದೆ.

ಪ್ರಸಾದವೆಂದೊಡನೆ ನಮಗೆ ನೆನಪಾಗುವುದು ದೇವಾಲಯದಲ್ಲಿ ಅಂಗೈಗೆ ಬೀಳುವ ಹೂವು, ಸಕ್ಕರೆ, ಬಾಳೆಯ ಹಣ್ಣಿನ ಚೂರು. ಆದರೆ ಶಬ್ದದ ಮೂಲದಲ್ಲಿ ಇರುವುದು ತಿಂಡಿಯಲ್ಲ, ತಿಳಿಯಾಗುವಿಕೆ. ಕಲಕಿದ ನೀರಿನ ಮಣ್ಣು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುವುದೇ ಪ್ರಸಾದ. ಪ್ರಸನ್ನವೆಂಬ ಮಾತೂ ಅದೇ ಧಾತುವಿನ ಕೂಸು. ಕೊಡದ ಒಳಮೈಗೆ ತೇಯ್ದರೆ ಬಗ್ಗಡವನ್ನು ತಳಕ್ಕಿಳಿಸುವ ಚಿಲ್ಲದ ಬೀಜವನ್ನು ಸಂಸ್ಕೃತವು ಅಂಬುಪ್ರಸಾದಕವೆಂದೇ ಕರೆಯಿತು. ಅರ್ಥವು ತಡೆಯಿಲ್ಲದೆ ಕಾಣುವ ಶೈಲಿಗೆ ಆಲಂಕಾರಿಕರು ಪ್ರಸಾದಗುಣವೆಂಬ ಹೆಸರಿಟ್ಟರು. ಭಗವದ್ಗೀತೆಯ 2ನೆಯ ಅಧ್ಯಾಯದಲ್ಲಿ ಸಕಲ ದುಃಖಗಳ ಹಾನಿಗೆ ಕಾರಣವೆಂದು ಹೇಳಿರುವ ಪ್ರಸಾದವೂ ಚಿತ್ತದ ಈ ತಿಳಿವೇ ಹೊರತು ಕೈಗೆ ಸಿಗುವ ವಸ್ತುವಲ್ಲ.

ನಮ್ಮ ಪೂಜೆ ಆರಂಭವಾಗುವುದು ಸಂಕಲ್ಪದಿಂದ, ಮುಗಿಯುವುದು ಪ್ರಸಾದದಿಂದ. ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ, ಇಂಥ ಫಲವನ್ನು ಉದ್ದೇಶಿಸಿ ಎಂದು ದೇಶಕಾಲಗಳನ್ನು ಹೆಸರಿಸಿ ಮಾಡುವ ಸಂಕಲ್ಪಕ್ಕಿಂತ ಖಚಿತವಾದ ಯೋಜನೆ ಇನ್ನಾವುದಿದೆ? ಆದರೂ ಕೊನೆಯಲ್ಲಿ ಕೈಗೆ ಬರುವುದು ನಾವು ಒಪ್ಪಿಸಿದ ರೂಪದಲ್ಲಿರುವುದಿಲ್ಲ. ಇಡಿಯಾಗಿ ಕೊಟ್ಟ ತೆಂಗಿನಕಾಯಿ ಹೋಳಾಗಿ ಮರಳುತ್ತದೆ. ತಟ್ಟೆಯ ತುಂಬ ಕೊಂಡೊಯ್ದ ಹೂವಿನಲ್ಲಿ ಒಂದೆಸಳು ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಕಾಯಿ ಒಡೆಯಿತಲ್ಲಾ ಎಂದು ಅಲ್ಲಿ ಯಾರೂ ವ್ಯಸನಪಡುವುದಿಲ್ಲ. ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತಾರೆ. ದೇವರ ಮುಂದೆ ಇಷ್ಟು ಸಹಜವಾದ ಈ ವಿವೇಕವು ಬಾಗಿಲು ದಾಟಿದೊಡನೆ ನಮ್ಮ ಕೈಬಿಡುವುದೇಕೆ?

ಬಹಳ ವರ್ಷಗಳ ಹಿಂದಿನ ಒಂದು ಆಷಾಢದಲ್ಲಿ ಈ ಪ್ರಶ್ನೆ ನನ್ನನ್ನು ನೇರವಾಗಿ ಎದುರಿಸಿತು. ತೀರ್ಥಹಳ್ಳಿಯ ಬಳಿಯ ಮನೆಯೊಂದರಲ್ಲಿದ್ದ ಕೆಲವು ತಾಳೆಗರಿಯ ಕಟ್ಟುಗಳನ್ನು, ಅವು ಪರಸ್ಥಳಕ್ಕೆ ಸಾಗುವುದಕ್ಕೆ ಮೊದಲು, ಒಂದೇ ಒಂದು ದಿನ ನೋಡಲು ಅವಕಾಶ ದೊರೆತಿತ್ತು. ಉಡುಪಿಯಿಂದ ಹೆಬ್ರಿಯ ಮಾರ್ಗವಾಗಿ ಹೊರಟ ನಮ್ಮ ಬಸ್ಸು ಸೋಮೇಶ್ವರ ತಲಪುವಷ್ಟರಲ್ಲಿ, ಆಗುಂಬೆಯ ಘಟ್ಟದಲ್ಲಿ ಗುಡ್ಡ ಜರಿದು ದಾರಿ ಕಟ್ಟಿದೆಯೆಂಬ ವರ್ತಮಾನ ಬಂದಿತು. ಮಳೆ ಬಿಡುವಂತಿರಲಿಲ್ಲ. ಸಹಪ್ರಯಾಣಿಕರೊಬ್ಬರ ಪರಿಚಯದಿಂದ ಹತ್ತಿರದ ಮನೆಯ ಜಗಲಿಯಲ್ಲಿ ಆಶ್ರಯ ಸಿಕ್ಕಿತು. ಕುಚ್ಚಲಕ್ಕಿಯ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ, ಸುಟ್ಟ ಹಪ್ಪಳ ನಮ್ಮ ಮುಂದೆ ಬಂದವು. ನನಗೆ ಮಾತ್ರ ಅನ್ನ ರುಚಿಸಲಿಲ್ಲ. ಆ ಮನೆಯ ಹಿರಿಯರು ಮಳೆಗಾಲದ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದವರು. ನನ್ನ ಮುಖವನ್ನು ತುಸು ಹೊತ್ತು ನೋಡಿ ಅವರು ಹೀಗೆಂದರು: “ಮಾಷ್ಟ್ರೇ, ನಾವು ಕೂಟದಲ್ಲಿ ಕೂತು ಮಹಾಪ್ರಸಾದ ಮಹಾಪ್ರಸಾದ ಅಂತ ಎಷ್ಟು ಸಲ ಹೇಳ್ತೇವೆ! ಮನೆಯಲ್ಲಿ ಒಂದು ಸಲ ಹೇಳ್ಲಿಕ್ಕೆ ನಾಲಗೆ ಏಳುವುದಿಲ್ಲ. ಗರಿ ನಿಮ್ಮ ಪಾಲಿಗೆ ಇರ್ಲಿಲ್ಲ, ಅದು ಬೇಸರದ ಸಂಗತಿಯೇ. ಆದ್ರೆ ಗಂಜಿ ಇದೆಯಲ್ಲ, ಅದು ತಣಿಯುವ ಮೊದಲು ಉಣ್ಣಿ.”

ಘಟ್ಟದ ದಾರಿ ತೆರೆಯುವಷ್ಟರಲ್ಲಿ ಕಟ್ಟುಗಳು ಹೋಗಿದ್ದವು; ಅವುಗಳನ್ನು ನಾನು ಮತ್ತೆಂದೂ ಕಾಣಲಿಲ್ಲ. ಆ ನಷ್ಟವು ಇಂದಿಗೂ ನಷ್ಟವೇ ಸರಿ, ಅದಕ್ಕೆ ಪ್ರತಿಯಾಗಿ ಬೇರೊಂದು ನಿಧಿ ನನಗೆ ದೊರೆಯಲಿಲ್ಲ. ಆದರೆ ಆ ರಾತ್ರಿ ಹಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದಿನಲ್ಲಿ ನಾನು ಮೊದಲ ಬಾರಿಗೆ ತಿಳಿದದ್ದು ಇಷ್ಟು: ಕೃತಜ್ಞತೆಯೆಂದರೆ ಕೆಟ್ಟುದನ್ನು ಒಳ್ಳೆಯದೆಂದು ಕರೆಯುವುದಲ್ಲ, ಇಲ್ಲದ ಗರಿಗಾಗಿ ಇರುವ ಗಂಜಿಯನ್ನು ತಣಿಯಗೊಡದಿರುವುದು. ಶ್ರದ್ಧೆಯೆಂದರೆ ಮುಂದೆ ಎಲ್ಲವೂ ನಾನು ಎಣಿಸಿದಂತೆಯೇ ಸರಿಹೋಗುವುದೆಂಬ ಭರವಸೆಯೂ ಅಲ್ಲ; ಕೊಡುವ ಕೈಯ ಮೇಲಿನ ನಂಬುಗೆಯಿಂದ, ಬರುವುದು ಏನೆಂದು ಅರಿಯುವ ಮೊದಲೇ ಅಂಗೈಯನ್ನು ಚಾಚುವುದು.

ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್ಸ್ಥಲದಲ್ಲಿ 3ನೆಯದು ಪ್ರಸಾದಿಸ್ಥಲ. ಅಲ್ಲಿ ಆ ಶಬ್ದವು ಸ್ವೀಕರಿಸುವವನ ಹೆಸರೇ ಆಗಿ ಅವನಿಗೊಂದು ನೆಲೆಯನ್ನು ಕೊಟ್ಟಿತು: ಪ್ರಸಾದಿ. ನಾಡಿನ ಮಠಗಳು ಬಡ ವಿದ್ಯಾರ್ಥಿಗಳಿಗಾಗಿ ತೆರೆದ ಉಚಿತ ವಸತಿಗಳಿಗೆ ‘ಪ್ರಸಾದನಿಲಯ’ವೆಂದು ಹೆಸರಿಟ್ಟದ್ದನ್ನು ನೆನೆದಾಗ, ಉಣ್ಣುವವನನ್ನು ಯಾಚಕನನ್ನಾಗಿಸದೆ ಅನ್ನ ನೀಡುವ ಔದಾರ್ಯವು ಈ ಒಂದೇ ಶಬ್ದದಲ್ಲಿ ಅಡಗಿರುವುದು ಕಂಡು ನನ್ನ ಮನಸ್ಸು ತುಂಬಿಬರುತ್ತದೆ.

ಒಂದು ಎಚ್ಚರವೂ ಅವಶ್ಯ. ಒಡ್ಡೋಲಗದಲ್ಲಿ ಹಸಾದವೆಂದವರಲ್ಲಿ ಭಯದಿಂದ ಹಾಗೆಂದವರೂ ಇದ್ದಿರಬೇಕು. ಬಲಾತ್ಕಾರದ ಮುಂದೆ ತಲೆಬಾಗುವುದಕ್ಕೆ ಈ ಮಾತನ್ನು ಬಳಸುವುದು ಅದರ ಅವಮಾನ. ಅನ್ಯರ ದುಃಖದ ಎದುರಿಗೆ ನಿಂತು ‘ಇದನ್ನು ಪ್ರಸಾದವೆಂದು ತಿಳಿ’ ಎಂದು ಬೋಧಿಸುವುದೂ ನಿರ್ದಯತೆ. ಪ್ರಸಾದವನ್ನು ಅವರವರ ಕೈಯೇ ಚಾಚಿ ಪಡೆಯಬೇಕು. ನಾವು ಮಾಡಬಹುದಾದುದು ಆ ಹಿರಿಯರಂತೆ ಬೇಸರವನ್ನು ಬೇಸರವೆಂದೇ ಒಪ್ಪಿ, ಬಿಸಿಯಾದ ಗಂಜಿಯನ್ನು ಮುಂದಿಡುವುದು ಮಾತ್ರ.

ಅಂದಿನಿಂದ, ನೆನೆದದ್ದು ತಪ್ಪಿದಾಗಲೆಲ್ಲ ಆ ಹಳೆಯ ಮಾತನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸುವುದು ನನಗೆ ರೂಢಿಯಾಗಿದೆ. ಮೊದಲ ಸಲ ಅದು ತುಟಿಯಿಂದ ಮಾತ್ರ ಬರುತ್ತದೆ, ಒಳಗೆ ಕೆಸರು ಹಾಗೆಯೇ ಸುತ್ತುತ್ತಿರುತ್ತದೆ. ಚಿಲ್ಲದ ಬೀಜದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯೂ ಹೇಳಿದೆ. ಆದುದರಿಂದ ಆ ಮಾತನ್ನು ಮನಸ್ಸಿನ ಒಳಮೈಗೆ ನಿಧಾನವಾಗಿ ತೇಯುತ್ತೇನೆ. ಆಮೇಲೆ ಕೊಡವನ್ನು ಅಲುಗಿಸದೆ ಕಾಯುತ್ತೇನೆ.